ಚಿನ್ನದ ಮೊಳೆ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ಜಗತ್ತಿನ ರೈಲುಮಾರ್ಗಗಳನ್ನು ಕುರಿತ ಒಂದು ದಪ್ಪ ಪುಸ್ತಕವಿತ್ತು. ಅದರ ರಟ್ಟು ಕಿತ್ತುಹೋಗಿತ್ತು; ಆದರೆ ಚಿತ್ರಗಳು ಹಾಗೆಯೇ ಉಳಿದಿದ್ದವು. ಅವುಗಳಲ್ಲಿ ಒಂದು ಚಿತ್ರವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಬಟ್ಟಬಯಲಿನ ನಡುವೆ ಎರಡು ಉಗಿ ಎಂಜಿನುಗಳು ಮೂಗಿಗೆ ಮೂಗು ಕೊಟ್ಟು ನಿಂತಿವೆ. ಒಂದರ ಹೊಗೆಗೊಳವೆ ಆಲಿಕೆಯಂತೆ ಮೇಲೆ ಅಗಲವಾಗಿದೆ, ಇನ್ನೊಂದರದು ನೆಟ್ಟಗಿದೆ. ಎಂಜಿನುಗಳ ಮೇಲೂ ಸುತ್ತಲೂ ಟೊಪ್ಪಿಗೆ ಧರಿಸಿದ ಜನ ಕಿಕ್ಕಿರಿದಿದ್ದಾರೆ. ನಡುವೆ ಇಬ್ಬರು ಕೈ ಕುಲುಕುತ್ತಿದ್ದಾರೆ. ಮೇಲಿನಿಂದ ಯಾರೋ ಬಾಟಲಿಗಳನ್ನು ಚಾಚಿ ಹಿಡಿದಿದ್ದಾರೆ. ಚಿತ್ರದ ಕೆಳಗೆ, ಅಮೆರಿಕದ ಪೂರ್ವ ಪಶ್ಚಿಮಗಳು ರೈಲಿನಿಂದ ಕೂಡಿದ ದಿನ, 1869ರ ಮೇ 10, ಎಂದು ಬರೆದಿತ್ತು.

ಒಂದು ಸಂಜೆ ಆ ಪುಸ್ತಕವನ್ನು ಮನೆಗೆ ತಂದು ತಂದೆಯವರಿಗೆ ತೋರಿಸಿದೆ. ಅವರು ಅರಸೀಕೆರೆ ಬೀರೂರುಗಳ ನಡುವಣ ಮೀಟರ್ ಗೇಜ್ ಮಾರ್ಗದಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಓದು ಹೆಚ್ಚಾಗಿ ಬಾರದು. ಆದರೆ ಕಂಬಿಯ ಮೇಲೆ ಸುತ್ತಿಗೆಯಿಂದ ಒಮ್ಮೆ ತಟ್ಟಿ, ಅದರ ದನಿಯಿಂದಲೇ ಎಲ್ಲಿ ಸಡಿಲವಾಗಿದೆಯೆಂದು ಹೇಳಬಲ್ಲವರಾಗಿದ್ದರು. ಚಿತ್ರವನ್ನು ಲಾಂದ್ರದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಇಷ್ಟು ಜನ ನಿಂತಿದ್ದಾರಲ್ಲೋ, ಇವರಲ್ಲಿ ಕಂಬಿ ಹೊತ್ತವರು ಯಾರು?" ಎಂದು ಕೇಳಿದರು.

ನನಗೆ ಉತ್ತರ ತಿಳಿದಿರಲಿಲ್ಲ. ಮುಂದೆ ನಾನು ಅಧ್ಯಾಪಕನಾದೆ, ಇತಿಹಾಸವನ್ನೇ ಕಲಿಸಿದೆ. ಕೈಗೆ ಸಿಕ್ಕಿದ ಪುಸ್ತಕಗಳಲ್ಲೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕಿದೆ. ದೊರೆತುದನ್ನು ಇಲ್ಲಿ ಹೇಳುತ್ತೇನೆ.

ಅಮೆರಿಕದ ರೈಲಿನ ಕಥೆ ಆರಂಭವಾಗುವುದು ಒಂದು ಕುದುರೆಯಿಂದ. 1830ರಲ್ಲಿ ಪೀಟರ್ ಕೂಪರ್ ಎಂಬಾತ 'ಟಾಮ್ ಥಂಬ್' ಎಂಬ ಪುಟ್ಟ ಉಗಿ ಎಂಜಿನನ್ನು ಬಾಲ್ಟಿಮೋರಿನ ಬಳಿ ಓಡಿಸಿ ತೋರಿಸಿದನು. ಅದಕ್ಕೂ ಒಂದು ಕುದುರೆಗೂ ಪಂದ್ಯ ನಡೆಯಿತೆಂದೂ, ಎಂಜಿನು ಮುಂದಾಗಿದ್ದಾಗಲೇ ಅದರ ಗಾಳಿಚಕ್ರದ ಪಟ್ಟಿ ಜಾರಿ ಕುದುರೆ ಗೆದ್ದಿತೆಂದೂ ಹೇಳುತ್ತಾರೆ. ಸೋತ ಎಂಜಿನೇ ಕೊನೆಗೆ ಗೆದ್ದಿತೆಂಬುದನ್ನು ಹೇಳಬೇಕಾಗಿಲ್ಲವಷ್ಟೆ. ಮಕ್ಕಳ ಪುಸ್ತಕಗಳಲ್ಲಿ ಈ ಕಥೆ ತಪ್ಪದೆ ಬರುತ್ತದೆ. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಕೆರೊಲೈನದಲ್ಲಿ ಓಡತೊಡಗಿದ 'ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್‌ಸ್ಟನ್' ಎಂಬ ಎಂಜಿನಿನ ಕಥೆ ಅಷ್ಟು ಪ್ರಸಿದ್ಧವಲ್ಲ. 1831ರ ಜೂನ್ ತಿಂಗಳಲ್ಲಿ, ಅದರ ಸುರಕ್ಷಾ ಕವಾಟದಿಂದ ಉಗಿ ಸುಯ್ಯೆಂದು ಹೊರಬರುವ ಸದ್ದನ್ನು ಸಹಿಸಲಾರದೆ ಬೆಂಕಿ ಹಾಕುವ ಕೆಲಸದವನು ಕವಾಟವನ್ನು ಅದುಮಿ ಮುಚ್ಚಿಬಿಟ್ಟನು. ಬಾಯ್ಲರು ಸಿಡಿಯಿತು, ಅವನು ಪ್ರಾಣ ಕಳೆದುಕೊಂಡನು. ಅಂದಿನಿಂದ ಕಂಪನಿಯವರು ಎಂಜಿನಿಗೂ ಪ್ರಯಾಣಿಕರ ಗಾಡಿಗಳಿಗೂ ನಡುವೆ ಹತ್ತಿಯ ಮೂಟೆಗಳನ್ನು ಪೇರಿಸಿದ ಒಂದು ಬಂಡಿಯನ್ನು ಕಟ್ಟತೊಡಗಿದರು. ಪ್ರಯಾಣಿಕರಿಗೆ ಹತ್ತಿಯ ಕೋಟೆ ದೊರೆಯಿತು. ಬೆಂಕಿ ಹಾಕುವವನು ಮಾತ್ರ ಮೊದಲಿದ್ದಲ್ಲಿಯೇ ಇದ್ದನು. ಎಂಜಿನು ನಡೆಸುತ್ತಿದ್ದವನ ಹೆಸರು ನಿಕೊಲಸ್ ಡ್ಯಾರೆಲ್ ಎಂದು ಇತಿಹಾಸಕ್ಕೆ ಗೊತ್ತು. ಸತ್ತವನು ಕರಿಯ ಗುಲಾಮ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇನ್ನು ಆ ಚಿತ್ರದ ಮಾತಿಗೆ ಬರೋಣ. ಪೂರ್ವದ ತೀರದಿಂದ ಪಶ್ಚಿಮದ ಕ್ಯಾಲಿಫೋರ್ನಿಯಕ್ಕೆ ಹೋಗಬೇಕಾದರೆ ಆಗ ಎತ್ತಿನ ಬಂಡಿಗಳಲ್ಲಿ ಐದಾರು ತಿಂಗಳು ಹಿಡಿಯುತ್ತಿತ್ತು. ಈ ಎರಡನ್ನೂ ರೈಲಿನಿಂದ ಬೆಸೆಯಬೇಕೆಂದು 1862ರಲ್ಲಿ, ಅಂತರ್ಯುದ್ಧದ ನಡುವೆಯೇ, ಅಧ್ಯಕ್ಷ ಲಿಂಕನ್ ಒಂದು ಶಾಸನಕ್ಕೆ ಸಹಿ ಹಾಕಿದನು. ಸೆಂಟ್ರಲ್ ಪೆಸಿಫಿಕ್ ಕಂಪನಿ ಪಶ್ಚಿಮದ ಸ್ಯಾಕ್ರಮೆಂಟೊ ನಗರದಿಂದಲೂ, ಯೂನಿಯನ್ ಪೆಸಿಫಿಕ್ ಕಂಪನಿ ಪೂರ್ವದ ಒಮಾಹಾದ ಕಡೆಯಿಂದಲೂ ಕಂಬಿ ಹಾಸುತ್ತ ಬಂದು ನಡುವೆ ಎಲ್ಲಿಯಾದರೂ ಕೂಡಬೇಕು. ಹಾಕಿದ ಪ್ರತಿ ಮೈಲಿಗೂ ಸರ್ಕಾರ ಭೂಮಿಯನ್ನೂ ಸಾಲಪತ್ರಗಳನ್ನೂ ಕೊಡುವುದು: ಬಯಲಿನಲ್ಲಿ ಮೈಲಿಗೆ 16,000 ಡಾಲರು, ಬೆಟ್ಟದಲ್ಲಿ 48,000 ಡಾಲರು. ಬೆಟ್ಟ ಎಲ್ಲಿ ಆರಂಭವಾಗುತ್ತದೆ? ಕಣ್ಣಿಗೆ ಕಾಣುವ ಬೆಟ್ಟವೇನೋ ದೂರದಲ್ಲಿತ್ತು. ಆದರೆ ಕಂಪನಿಯವರು ಭೂವಿಜ್ಞಾನಿಯೊಬ್ಬನ ಅಭಿಪ್ರಾಯವನ್ನು ಪಡೆದು, ಸ್ಯಾಕ್ರಮೆಂಟೊದಿಂದ ಏಳು ಮೈಲಿಯಲ್ಲಿ, ಚಪ್ಪಟೆಯಾದ ನೆಲದಲ್ಲಿ ಹರಿಯುವ ಒಂದು ಹಳ್ಳದ ಬಳಿಯೇ ಬೆಟ್ಟದ ಬುಡವಿದೆಯೆಂದು ವಾದಿಸಿದರು. ಲಿಂಕನ್ ಒಪ್ಪಿದನು. ಒಬ್ಬ ಮನುಷ್ಯನ ಸಹಿಯಿಂದ ಬೆಟ್ಟ ಮೈಲಿಗಟ್ಟಲೆ ಸರಿದ ಸಂದರ್ಭ ಇತಿಹಾಸದಲ್ಲಿ ಅಪರೂಪವೇ ಸರಿ.

ನಿಜವಾದ ಬೆಟ್ಟ ಹಾಗೆ ಸರಿಯಲಿಲ್ಲ. ಸಿಯೆರಾ ನೆವಾಡದ ಕಗ್ಗಲ್ಲಿನ ಸಾಲು ಎದುರಿಗೆ ನಿಂತಿತು. ಕೆಲಸಕ್ಕೆ ಸೇರಿದ ಬಿಳಿಯರಲ್ಲಿ ಬಹುಮಂದಿ ಚಿನ್ನ ಬೆಳ್ಳಿಯ ಗಣಿಗಳ ಆಸೆಗೆ ಓಡಿಹೋಗುತ್ತಿದ್ದರು. ಆಗ ಕಂಪನಿಯ ಪಾಲುದಾರ ಚಾರ್ಲ್ಸ್ ಕ್ರಾಕರ್ ಚೀನೀಯರನ್ನು ತೆಗೆದುಕೊಳ್ಳೋಣವೆಂದನು. ಮೇಲ್ವಿಚಾರಕ ಸ್ಟ್ರೊಬ್ರಿಜ್, ಈ ಸಣಕಲು ಮೈಯವರಿಂದ ಏನಾದೀತೆಂದು ಮೊದಮೊದಲು ಒಪ್ಪಲಿಲ್ಲ. 1865ರಲ್ಲಿ ಐವತ್ತು ಜನರಿಂದ ಪರೀಕ್ಷೆ ಮಾಡಿ ನೋಡಿದರು. ಎರಡು ವರ್ಷಗಳಲ್ಲಿ ಆ ಕಂಪನಿಯ ಹತ್ತು ಕೂಲಿಗಾರರಲ್ಲಿ ಒಂಬತ್ತು ಮಂದಿ ಚೀನೀಯರೇ ಆಗಿದ್ದರು. ಅವರಲ್ಲಿ ಹೆಚ್ಚಿನವರು ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ರೈತರ ಮಕ್ಕಳು. ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಹಳ್ಳದ ನೀರನ್ನು ಹಸಿಯಾಗಿ ಕುಡಿಯದೆ, ಕುದಿಸಿದ ಚಹವನ್ನೇ ಕುಡಿಯುತ್ತಿದ್ದರು. ಆದಕಾರಣ ಉಳಿದವರನ್ನು ಕಾಡುತ್ತಿದ್ದ ಹೊಟ್ಟೆಯ ರೋಗಗಳು ಅವರ ಬಿಡಾರಗಳಲ್ಲಿ ಕಡಿಮೆ.

ಬೆಟ್ಟದ ನೆತ್ತಿಯಲ್ಲಿ, ಸುಮಾರು 7,000 ಅಡಿ ಎತ್ತರದಲ್ಲಿ, 1,659 ಅಡಿ ಉದ್ದದ ಸುರಂಗವನ್ನು ಅವರು ಕೊರೆದರು. ಒಬ್ಬನು ಉಕ್ಕಿನ ಚಾಣವನ್ನು ಬಂಡೆಗೆ ಹಿಡಿದು ತಿರುಗಿಸುವುದು, ಇಬ್ಬರು ಅದರ ತಲೆಯ ಮೇಲೆ ಸರದಿಯಂತೆ ಸುತ್ತಿಗೆ ಬೀಸುವುದು, ಆದ ತೂತಿಗೆ ಮದ್ದು ತುಂಬಿ ಸಿಡಿಸುವುದು. ಬಂಡೆ ಎಷ್ಟು ಗಟ್ಟಿಯೆಂದರೆ ದಿನವೆಲ್ಲ ದುಡಿದರೂ ಒಂದು ಮುಖದಲ್ಲಿ ಒಂದು ಅಡಿ ಸಾಗುವುದೇ ಕಷ್ಟ. ಎರಡು ತುದಿಗಳಿಂದ ಮಾತ್ರ ಕೊರೆದರೆ ಸಾಲದೆಂದು ನಡುವೆ ಮೇಲಿನಿಂದ ಬಾವಿಯಂತೆ ತೋಡಿ ಇಳಿದು, ಒಳಗಿನಿಂದಲೂ ಎರಡು ಕಡೆಗೆ ಕೊರೆದರು. ಆಮೇಲೆ ನೈಟ್ರೋಗ್ಲಿಸರಿನ್ ಎಂಬ ಭಯಂಕರವಾದ ಸ್ಫೋಟಕ ದ್ರವವನ್ನು ಅಲ್ಲಿಯೇ ತಯಾರಿಸಿ ಬಳಸಿದಾಗ ವೇಗ ಹೆಚ್ಚಾಯಿತು. 1866-67ರ ಚಳಿಗಾಲದಲ್ಲಿ ನಲವತ್ತನಾಲ್ಕು ಹಿಮದ ಬಿರುಗಾಳಿಗಳು ಬೀಸಿದುವಂತೆ. ಬಿಡಾರಗಳು ಹಿಮದಲ್ಲಿ ಹೂತುಹೋದವು. ಜನರು ಹಿಮದೊಳಗೇ ಓಣಿಗಳನ್ನು ಕೊರೆದುಕೊಂಡು ತಿಂಗಳುಗಟ್ಟಲೆ ಬಿಸಿಲು ಕಾಣದೆ ಬಿಡಾರದಿಂದ ಸುರಂಗಕ್ಕೆ ಹೋಗಿಬರುತ್ತಿದ್ದರು. ಹಿಮದ ರಾಶಿ ಜಾರಿ ಇಡೀ ಬಿಡಾರವೇ ಕಣಿವೆಗೆ ಉರುಳಿದುದೂ ಉಂಟು. ವಸಂತದಲ್ಲಿ ಹಿಮ ಕರಗಿದಾಗಲಷ್ಟೆ ಶವಗಳು ದೊರೆಯುತ್ತಿದ್ದವು. ಎಷ್ಟು ಜನ ಸತ್ತರೆಂಬ ಲೆಕ್ಕವನ್ನು ಕಂಪನಿ ಇಡಲಿಲ್ಲ. 1870ರಲ್ಲಿ ಸುಮಾರು 1,200 ಚೀನೀಯರ ಅಸ್ಥಿಗಳು ತಾಯ್ನಾಡಿಗೆ ಸಾಗುತ್ತಿವೆಯೆಂದು ಸ್ಯಾಕ್ರಮೆಂಟೊದ ಪತ್ರಿಕೆಯೊಂದು ವರದಿ ಮಾಡಿತು. ಅವು ಹೋದುದು ಅವರೇ ಹಾಕಿದ ಕಂಬಿಯ ಮೇಲೆ.

ಇವರು ಬಾಯಿಲ್ಲದವರಾಗಿದ್ದರೆಂದು ತಿಳಿಯಬಾರದು. 1867ರ ಜೂನ್ 25ರಂದು ಬೆಟ್ಟದ ಉದ್ದಕ್ಕೂ ಸಾವಿರಾರು ಚೀನೀಯರು ಏಕಕಾಲದಲ್ಲಿ ಹಾರೆ ಸುತ್ತಿಗೆಗಳನ್ನು ಕೆಳಗಿಟ್ಟರು. ತಿಂಗಳಿಗೆ ನಲವತ್ತು ಡಾಲರು ಸಂಬಳ ಬೇಕು, ಸುರಂಗದೊಳಗೆ ಎಂಟು ಗಂಟೆಗೆ ಮೀರಿ ದುಡಿಯಲಾರೆವು, ಎಂಬುದು ಅವರ ಬೇಡಿಕೆ. ಕಲ್ಲು ತೂರಲಿಲ್ಲ, ಕೂಗಾಡಲಿಲ್ಲ; ಬಿಡಾರಗಳಲ್ಲಿ ಸುಮ್ಮನೆ ಕುಳಿತರು. ಬಿಳಿಯ ಕೂಲಿಗಾರನಿಗೆ ಸಂಬಳದ ಜೊತೆಗೆ ಊಟವನ್ನೂ ಕೊಡುತ್ತಿದ್ದ ಕಂಪನಿ, ಇವರು ಊಟವನ್ನು ತಮ್ಮ ಸಂಬಳದಲ್ಲೇ ನೋಡಿಕೊಳ್ಳಬೇಕೆನ್ನುತ್ತಿತ್ತು. ಕ್ರಾಕರ್ ಬೆಟ್ಟಕ್ಕೆ ಬರುವ ದಿನಸಿಯನ್ನೇ ನಿಲ್ಲಿಸಿದನು. ಹೊಟ್ಟೆ ಎಷ್ಟು ದಿನ ತಡೆದೀತು? ಸುಮಾರು ಒಂದು ವಾರದಲ್ಲಿ ಮುಷ್ಕರ ಮುರಿಯಿತು. ಈ ಭಾಗವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ ಬಂದೆ.

ಬೆಟ್ಟ ಇಳಿದ ಮೇಲೆ ಬಯಲಿನಲ್ಲಿ ಓಟದ ಪಂದ್ಯವೇ ಆರಂಭವಾಯಿತು. ಪೂರ್ವದಿಂದ ಬರುತ್ತಿದ್ದ ಯೂನಿಯನ್ ಪೆಸಿಫಿಕ್ಕಿನಲ್ಲಿ ಐರ್ಲೆಂಡಿನಿಂದ ಬಂದವರೂ ಯುದ್ಧ ಮುಗಿಸಿ ಬಂದ ಸೈನಿಕರೂ ದುಡಿಯುತ್ತಿದ್ದರು. ಆ ಮಾರ್ಗ ಹಾದುಹೋದುದು ಷಯೆನ್, ಲಕೋಟಾ ಮುಂತಾದ ಮೂಲನಿವಾಸಿಗಳ ನೆಲದ ಮೇಲೆ. ಅವರು ಕೆಲವೆಡೆ ಕಂಬಿ ಕಿತ್ತರು, ರೈಲು ಉರುಳಿಸಿದರು. ರೈಲನ್ನು ಹಿಂಬಾಲಿಸಿ ಬಂದ ಬೇಟೆಗಾರರು ಅವರ ಬಾಳಿಗೆ ಆಧಾರವಾಗಿದ್ದ ಕಾಡುಕೋಣಗಳ ಹಿಂಡುಗಳನ್ನು ಎರಡು ದಶಕಗಳೊಳಗೆ ಬಹುಮಟ್ಟಿಗೆ ಅಳಿಸಿಬಿಟ್ಟರು. ಎರಡು ದಿಕ್ಕುಗಳು ಕೂಡಿದುವೆಂದು ಒಬ್ಬರು ಹಿಗ್ಗಿದ ಕಾಲವೇ ಇನ್ನೊಬ್ಬರಿಗೆ ನೆಲ ತಪ್ಪಿದ ಕಾಲ.

1869ರ ಏಪ್ರಿಲ್ 28ರಂದು ಸೆಂಟ್ರಲ್ ಪೆಸಿಫಿಕ್ ಕಂಪನಿ ಒಂದೇ ದಿನದಲ್ಲಿ ಹತ್ತು ಮೈಲಿ 56 ಅಡಿ ಕಂಬಿ ಹಾಸಿತು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ, ನಡುವೆ ಊಟದ ಬಿಡುವೂ ಸೇರಿ! ಸ್ಲೀಪರುಗಳನ್ನು ಮೊದಲೇ ಸಾಲಾಗಿ ಇಟ್ಟಿದ್ದರು. ಒಂದೊಂದು ಕಂಬಿಯೂ ಸುಮಾರು 560 ಪೌಂಡು ತೂಕ. ಅಂಥ 3,520 ಕಂಬಿಗಳನ್ನು ಎಂಟು ಮಂದಿ ಐರಿಷ್ ಆಳುಗಳು ಬಂಡಿಯಿಂದ ಎತ್ತಿ ಸ್ಥಾನದಲ್ಲಿ ಇಟ್ಟರು. ಅವರ ಹಿಂದೆ ಮೊಳೆ ಹೊಡೆಯುವವರು, ಬೋಲ್ಟು ಬಿಗಿಯುವವರು, ಜಲ್ಲಿ ತುಂಬುವವರು, ಹೀಗೆ ಸಾಗಿದ ಸಾವಿರಾರು ಜನರ ಮೆರವಣಿಗೆಯಲ್ಲಿ ಬಹುಪಾಲು ಚೀನೀಯರು. ಆ ಎಂಟು ಮಂದಿಯ ಹೆಸರುಗಳನ್ನು ಜತನದಿಂದ ಬರೆದಿಟ್ಟಿದ್ದಾರೆ. ಅದು ನ್ಯಾಯವೇ, ಗ್ಯಾಂಗಿನವರ ಮಗನಾಗಿ ನನಗೆ ಸಂತೋಷವೂ ಆಯಿತು. ಆದರೆ ಹಿಂದೆ ಬಂದ ಸಾವಿರಾರು ಜನರ ಹೆಸರುಗಳೆಲ್ಲಿ? ಕಂಪನಿಯ ಸಂಬಳದ ಪಟ್ಟಿಗಳಲ್ಲಿ ಚೀನೀಯರ ಒಂದು ತಂಡಕ್ಕೆ ಬಹುಮಟ್ಟಿಗೆ ಅದರ ಮೇಸ್ತ್ರಿಯ ಹೆಸರೊಂದೇ ಇರುತ್ತಿತ್ತು. ಹಣವನ್ನು ಅವನೇ ಹಂಚುತ್ತಿದ್ದನು. ಅಮೆರಿಕದ ವಿದ್ವಾಂಸರು ವರ್ಷಗಟ್ಟಲೆ ಹುಡುಕಿದ್ದಾರೆ. ಆ ಸಾವಿರಾರು ಜನರಲ್ಲಿ ಒಬ್ಬನು ಬರೆದ ಒಂದು ಕಾಗದವೂ ಈವರೆಗೆ ಸಿಕ್ಕಿಲ್ಲ.

ಎರಡು ಮಾರ್ಗಗಳೂ ಯೂಟಾದ ಪ್ರೊಮಾಂಟರಿ ಎಂಬ ಬಯಲಿನಲ್ಲಿ ಕೂಡಿದವು. ಸಮಾರಂಭಕ್ಕೆ ಗೊತ್ತಾದ ದಿನ ಮೇ 8. ಕೊನೆಯ ಮೊಳೆಯನ್ನು ಚಿನ್ನದಿಂದ ಮಾಡಿಸಿ ಅದರ ಮೇಲೆ ಆ ದಿನಾಂಕವನ್ನೇ ಕೊರೆಸಿದ್ದರು. ಆದರೆ ಯೂನಿಯನ್ ಪೆಸಿಫಿಕ್ಕಿನ ಡ್ಯುರಾಂಟ್ ಬರುತ್ತಿದ್ದ ಗಾಡಿಯನ್ನು ದಾರಿಯಲ್ಲಿ ಕೂಲಿಗಾರರು ತಡೆದು ನಿಲ್ಲಿಸಿದರು. ತಿಂಗಳುಗಳಿಂದ ಬಾಕಿಯಿದ್ದ ಸಂಬಳ ಕೊಡದ ಹೊರತು ಗಾಡಿ ಬಿಡುವುದಿಲ್ಲವೆಂದರು. ಹಣ ಬಂದ ಮೇಲೆಯೇ ಗಾಡಿ ಮುಂದೆ ಹೊರಟಿತು. ಸಮಾರಂಭ ಎರಡು ದಿನ ತಡವಾಯಿತು. ಚಿನ್ನದ ಮೊಳೆ ಈಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಇಂದಿಗೂ ಮೇ 8 ಎಂದೇ ಇದೆ. ಆ ತಪ್ಪು ದಿನಾಂಕ ನನಗೆ ಬಹಳ ಪ್ರಿಯವಾದುದು. ಕೂಲಿ ಸಿಗದವರ ಸಹಿಯಂತೆ ಅದು ಚಿನ್ನದ ಮೇಲೆ ಉಳಿದಿದೆ.

ಚಿನ್ನದ ಮೊಳೆಯನ್ನು ಯಾರೂ ಹೊಡೆದು ಇಳಿಸಲಿಲ್ಲ. ಮೊದಲೇ ಕೊರೆದ ತೂತಿನಲ್ಲಿ ಅದನ್ನು ಮೆಲ್ಲಗೆ ಇಳಿಸಿ, ಆಮೇಲೆ ಜೋಪಾನವಾಗಿ ತೆಗೆದರು. ನಿಜವಾದ ಕೊನೆಯ ಮೊಳೆ ಕಬ್ಬಿಣದ್ದು. ಸುತ್ತಿಗೆಯ ಏಟು ದೇಶಕ್ಕೆಲ್ಲ ಕೇಳಲೆಂದು ತಂತಿಯನ್ನು ಜೋಡಿಸಿದ್ದರು. ಕಂಪನಿಯ ಅಧ್ಯಕ್ಷ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಸುತ್ತಿಗೆ ಎತ್ತಿ ಬೀಸಿದನು. ಏಟು ಮೊಳೆಗೆ ಬೀಳದೆ ಪಕ್ಕಕ್ಕೆ ಬಿತ್ತೆಂದು ನೋಡಿದವರು ಹೇಳಿದ್ದಾರೆ. ತಂತಿಯವನು ಜಾಣ, 'ಮುಗಿಯಿತು' ಎಂಬ ಒಂದೇ ಪದವನ್ನು ಕಳುಹಿಸಿಬಿಟ್ಟನು. ಊರೂರುಗಳಲ್ಲಿ ಗಂಟೆಗಳು ಮೊಳಗಿದವು. ಕೊನೆಯ ಕಂಬಿಯನ್ನು ಹೊತ್ತು ತಂದು ಇಟ್ಟ ತಂಡದವರು ಚೀನೀಯರು. ಆ ಮಧ್ಯಾಹ್ನ ಸ್ಟ್ರೊಬ್ರಿಜ್ ಅವರನ್ನು ತನ್ನ ಗಾಡಿಗೆ ಊಟಕ್ಕೆ ಕರೆದನೆಂದೂ, ಅಲ್ಲಿದ್ದವರು ಅವರಿಗೆ ಜಯಕಾರ ಹಾಕಿದರೆಂದೂ ಪತ್ರಿಕೆಗಳು ಬರೆದವು. ಆದರೆ ಆಂಡ್ರೂ ರಸೆಲ್ ತೆಗೆದ ಆ ಪ್ರಸಿದ್ಧ ಚಿತ್ರದಲ್ಲಿ ಅವರನ್ನು ಹುಡುಕಿದರೆ ಕಣ್ಣಿಗೆ ಬೀಳುವುದಿಲ್ಲ. ಅದೇ ದಿನ ಅವನು ತೆಗೆದ ಬೇರೊಂದು ಚಿತ್ರದಲ್ಲಿ ಅವರು ಕಂಬಿ ಇಡುತ್ತಿದ್ದಾರೆ. ಆ ಚಿತ್ರ ಪಠ್ಯಪುಸ್ತಕಗಳಿಗೆ ಏರಲಿಲ್ಲ. ಹದಿಮೂರು ವರ್ಷಗಳ ತರುವಾಯ, 1882ರಲ್ಲಿ, ಚೀನೀ ಕೂಲಿಗಾರರು ಅಮೆರಿಕಕ್ಕೆ ಬರಕೂಡದೆಂದು ಶಾಸನವೇ ಆಯಿತು. ಅದು ರದ್ದಾಗಲು 1943 ಬರಬೇಕಾಯಿತು.

ಮುಂದಿನ ಘಟನೆಗಳಲ್ಲಿ ಕೆಲವನ್ನು ಬೇಗ ದಾಟುತ್ತೇನೆ. 1883ರ ನವೆಂಬರ್ 18ರಂದು ರೈಲುಕಂಪನಿಗಳು ತಮ್ಮಲ್ಲಿದ್ದ ಐವತ್ತಕ್ಕೂ ಹೆಚ್ಚು ಬಗೆಯ ಗಡಿಯಾರದ ಲೆಕ್ಕಗಳನ್ನು ಬಿಟ್ಟು ಕೆಲವೇ ಕಾಲವಲಯಗಳನ್ನು ಒಪ್ಪಿಕೊಂಡವು; ಕೆಲವು ಊರುಗಳಲ್ಲಿ ಅಂದು ಮಧ್ಯಾಹ್ನ ಹನ್ನೆರಡು ಎರಡು ಸಲ ಹೊಡೆಯಿತು. ಸೂರ್ಯನನ್ನೇ ವೇಳಾಪಟ್ಟಿಗೆ ಒಗ್ಗಿಸಿದ ದಿನವೆಂದು ಅದನ್ನು ಕೊಂಡಾಡುತ್ತಾರೆ. ಅದಕ್ಕಿಂತ ದೊಡ್ಡ ದಿನವೆಂದು ನಾನು ಎಣಿಸುವುದು 1893ರ ಮಾರ್ಚ್ 2.

ಆ ಕಾಲದಲ್ಲಿ ಸರಕುಗಾಡಿಯನ್ನು ನಿಲ್ಲಿಸಬೇಕಾದರೆ ಬ್ರೇಕಿನ ಆಳು ಓಡುತ್ತಿರುವ ಡಬ್ಬಿಗಳ ನೆತ್ತಿಯ ಮೇಲೆ ನಡೆಯುತ್ತ, ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ, ಪ್ರತಿಯೊಂದರ ಚಕ್ರವನ್ನೂ ಕೈಯಿಂದ ತಿರುಗಿಸಬೇಕಾಗಿತ್ತು. ಮಂಜುಗಟ್ಟಿದ ರಾತ್ರಿಯಲ್ಲಿ ಕಾಲು ಜಾರಿದರೆ ಮುಗಿಯಿತು. ಡಬ್ಬಿಗಳನ್ನು ಕೂಡಿಸುವಾಗ ಅವುಗಳ ನಡುವೆ ನಿಂತು ಬಳೆಯೊಳಗೆ ಕೈಯಿಂದಲೇ ಗೂಟ ಹಾಕಬೇಕಾಗಿತ್ತು. ಎಲ್ಲ ಬೆರಳುಗಳೂ ಇರುವವನು ಈ ಕೆಲಸಕ್ಕೆ ಹೊಸಬನೆಂದು ತಿಳಿಯುತ್ತಿದ್ದರು! 1869ರಲ್ಲಿಯೇ ಇಪ್ಪತ್ತೆರಡು ವರ್ಷದ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿಯ ಒತ್ತಡದ ಬ್ರೇಕನ್ನು ಕಂಡುಹಿಡಿದಿದ್ದನು. ಎರಡು ಕೈಗಳ ಬಾಗಿದ ಬೆರಳುಗಳನ್ನು ಒಂದಕ್ಕೊಂದು ಸಿಕ್ಕಿಸಿದಂತೆ ತಾನಾಗಿ ಕೂಡಿಕೊಳ್ಳುವ ಕೊಂಡಿಯನ್ನು 1873ರಲ್ಲಿ ಈಲೈ ಜ್ಯಾನಿ ಮಾಡಿದ್ದನು. ಆದರೆ ಸರಕುಗಾಡಿಗಳಿಗೆ ಅವನ್ನು ಹಾಕಿಸಲು ಕಂಪನಿಗಳು ಖರ್ಚಿಗೆ ಹಿಂಜರಿದವು. ಅಯೋವದ ರೈತ ಲೊರೆಂಜೊ ಕಾಫಿನ್ ಒಂದು ಸಲ ರೈಲಿನಲ್ಲಿ ಹೋಗುತ್ತಿದ್ದಾಗ, ಡಬ್ಬಿ ಕೂಡಿಸುವ ಯುವಕನೊಬ್ಬನ ಕೈಯಲ್ಲಿ ಉಳಿದಿದ್ದ ಎರಡು ಬೆರಳುಗಳೂ ಜಜ್ಜಿಹೋದುದನ್ನು ಕಣ್ಣಾರೆ ಕಂಡನು. ಅವನಿಗೂ ರೈಲ್ವೆಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅಂದಿನಿಂದ ಸುಮಾರು ಇಪ್ಪತ್ತು ವರ್ಷ ಅದನ್ನೇ ಹಿಡಿದನು. ಪತ್ರಿಕೆಗಳಿಗೆ ಬರೆದನು, ಸಭೆಗಳಿಗೆ ನುಗ್ಗಿ ಮಾತನಾಡಿದನು, ಹೊರಗೆ ದಬ್ಬಿಸಿಕೊಂಡನು. 1888ರ ಜೂನ್‌ಗೆ ಮುಗಿದ ಒಂದೇ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೈಲ್ವೆ ನೌಕರರು ಸತ್ತು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಗಾಯಗೊಂಡಿದ್ದರು. ಕೊನೆಗೆ ಅಧ್ಯಕ್ಷ ಹ್ಯಾರಿಸನ್ ಆ ಮಾರ್ಚ್ 2ರಂದು ಸಹಿ ಹಾಕಿದ ಶಾಸನದಿಂದ ಗಾಳಿಬ್ರೇಕೂ ತಾನಾಗಿ ಕೂಡುವ ಕೊಂಡಿಯೂ ಕಡ್ಡಾಯವಾದವು. ಕೊಂಡಿಗೆ ಸಿಕ್ಕಿ ಸಾಯುವವರ ಸಂಖ್ಯೆ ಇಳಿಯಿತು. ಆ ದಿನದ ನೆನಪಿಗೆ ಯಾರೂ ಚಿನ್ನದ ಮೊಳೆ ಮಾಡಿಸಲಿಲ್ಲ.

ಹೆಸರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿಯ ಕಂಪನಿ ಮಲಗುವ ಗಾಡಿಗಳನ್ನು ನಡೆಸುತ್ತಿತ್ತು. ಅವುಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸಿ, ಪ್ರಯಾಣಿಕರ ಸೇವೆ ಮಾಡುತ್ತಿದ್ದವರು ಕರಿಯರು. ಒಡೆಯನ ಹೆಸರಿನಿಂದ ಗುಲಾಮನನ್ನು ಕರೆಯುವ ಹಳೆಯ ವಾಡಿಕೆಯಂತೆ ಪ್ರಯಾಣಿಕರು ಅವರೆಲ್ಲರನ್ನೂ 'ಜಾರ್ಜ್' ಎಂದೇ ಕೂಗುತ್ತಿದ್ದರು. 1926ರಲ್ಲಿ ಪ್ರತಿ ಗಾಡಿಯಲ್ಲೂ ಸೇವಕನ ನಿಜವಾದ ಹೆಸರಿನ ಚೀಟಿ ಹಾಕತೊಡಗಿದಾಗ, ಹನ್ನೆರಡು ಸಾವಿರ ಜನರಲ್ಲಿ ಜಾರ್ಜ್ ಎಂಬ ಹೆಸರಿನವರು 362 ಮಂದಿ ಮಾತ್ರವೆಂದು ತಿಳಿದುಬಂದಿತಂತೆ. ಇವರು ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳುತನದಲ್ಲಿ 1925ರ ಆಗಸ್ಟ್ 25ರಂದು ಸಂಘ ಕಟ್ಟಿದರು. ಕಂಪನಿ ಅವರೊಡನೆ ಒಪ್ಪಂದಕ್ಕೆ ಬಂದುದು ಸರಿಯಾಗಿ ಹನ್ನೆರಡು ವರ್ಷಗಳ ಮೇಲೆ. 1955ರಲ್ಲಿ ಮಾಂಟ್‌ಗಮೆರಿ ನಗರದಲ್ಲಿ ರೋಸಾ ಪಾರ್ಕ್ಸ್ ಬಂಧಿತಳಾದಾಗ ಆಕೆಯನ್ನು ಬಿಡಿಸಿ ತರಲು ಮುಂದಾದ ನಿಕ್ಸನ್ ಎಂಬಾತ ಇಂಥ ಒಬ್ಬ ರೈಲಿನ ಸೇವಕನೇ.

ಕೆಲವು ವರ್ಷಗಳ ಹಿಂದೆ, ಅಮೆರಿಕದಲ್ಲಿ ನೆಲೆಸಿರುವ ಮಗಳು ನನ್ನನ್ನು ಪ್ರೊಮಾಂಟರಿಗೆ ಕರೆದೊಯ್ದಳು. ಸಾಲ್ಟ್ ಲೇಕ್ ನಗರದಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಕುರುಚಲು ಗಿಡಗಳ ಬಯಲು. ಗಾಳಿಯ ಸದ್ದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಮುಖ್ಯಮಾರ್ಗ 1904ರಲ್ಲಿಯೇ ಸರೋವರದ ಮೇಲಿನಿಂದ ನೇರವಾಗಿ ಹೋಗಿಬಿಟ್ಟಿತು. 1942ರಲ್ಲಿ ಯುದ್ಧಕ್ಕೆ ಉಕ್ಕು ಬೇಕೆಂದು ಇಲ್ಲಿನ ಕಂಬಿಗಳನ್ನೂ ಕಿತ್ತರು. ಆ ಎರಡು ಎಂಜಿನುಗಳು ಅದಕ್ಕೂ ಬಹಳ ಮುಂಚೆಯೇ ಗುಜರಿಗೆ ಹೋಗಿದ್ದವು. ಈಗ ಅಲ್ಲಿ ಸ್ವಲ್ಪ ದೂರ ಮತ್ತೆ ಕಂಬಿ ಹಾಸಿ, 1979ರಲ್ಲಿ ಮಾಡಿಸಿದ ಪ್ರತಿರೂಪದ ಎಂಜಿನುಗಳನ್ನು ಓಡಿಸುತ್ತಾರೆ. ನನಗೆ ಅವುಗಳಿಗಿಂತ ಹಿಡಿಸಿದ್ದು ಗುಡ್ಡದ ಪಕ್ಕದಲ್ಲಿ ಸಾಗುವ ಎರಡು ಮಣ್ಣಿನ ಏರಿಗಳು. ಮೈಲಿಗೆ ಇಷ್ಟೆಂದು ಹಣ ಸಿಗುತ್ತಿದ್ದುದರಿಂದ ಎರಡು ಕಂಪನಿಗಳೂ ಕೂಡುವ ಜಾಗ ಗೊತ್ತಾಗದೆ ಒಂದನ್ನೊಂದು ದಾಟಿ ಇನ್ನೂರಕ್ಕೂ ಹೆಚ್ಚು ಮೈಲಿ ಅಕ್ಕಪಕ್ಕದಲ್ಲಿಯೇ ಎರಡು ಏರಿಗಳನ್ನು ಹಾಕಿಸುತ್ತ ಹೋದವು. ಒಂದರ ಮೇಲೆ ಕಂಬಿಯೇ ಬೀಳಲಿಲ್ಲ. ಆ ಮಣ್ಣನ್ನು ಹೊತ್ತ ತಲೆಗಳೆಷ್ಟೋ!

ಅಲ್ಲಿ ಮಗಳು ಒಬ್ಬರ ಕಥೆ ಹೇಳಿದಳು. ನ್ಯೂಯಾರ್ಕಿನಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದ ಚೀನೀಯರೊಬ್ಬರ ಮಗ ಕಾರ್ಕಿ ಲೀ ಶಾಲೆಯಲ್ಲಿ ಓದುತ್ತಿದ್ದಾಗ ಪಠ್ಯಪುಸ್ತಕದಲ್ಲಿ ಇದೇ ಚಿತ್ರವನ್ನು ಕಂಡರಂತೆ. ಭೂತಗನ್ನಡಿ ಹಿಡಿದು ಹುಡುಕಿದರೂ ತಮ್ಮವರಲ್ಲಿ ಒಬ್ಬರೂ ಕಾಣಲಿಲ್ಲವಂತೆ. ದೊಡ್ಡವರಾಗಿ ಛಾಯಾಗ್ರಾಹಕರಾದರು. 2014ರ ಮೇ 10ರಂದು, ಆ ಕೂಲಿಗಾರರ ಸಂತತಿಯವರನ್ನೂ ಇತರ ಚೀನೀ ಅಮೆರಿಕನ್ನರನ್ನೂ ಇಲ್ಲಿಗೆ ಕರೆತಂದು, ಎರಡು ಎಂಜಿನುಗಳ ಮುಂದೆ ನಿಲ್ಲಿಸಿ, ಹಳೆಯ ಚಿತ್ರದಂತೆಯೇ ಹೊಸ ಚಿತ್ರ ತೆಗೆದರು. 2021ರಲ್ಲಿ ಅವರು ತೀರಿಕೊಂಡರು.

"ಅಪ್ಪಾ, ಎಂಜಿನುಗಳ ನಡುವೆ ನಿಂತುಕೊಳ್ಳಿ, ಒಂದು ಫೋಟೊ ತೆಗೆಯುತ್ತೇನೆ" ಎಂದಳು ಮಗಳು. ಮೂವತ್ತನಾಲ್ಕು ವರ್ಷ ದುಡಿದ ನಮ್ಮ ತಂದೆ ಕಂಬಿಯ ಬಳಿ ನಿಂತ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ. ನಾನು ನಡುವೆ ನಿಲ್ಲಲಿಲ್ಲ. ರೈಲು ಬರುವಾಗ ಅವರು ಸುತ್ತಿಗೆಯನ್ನು ಹೆಗಲಿಗಿಟ್ಟು ದಾರಿ ಬಿಟ್ಟು ನಿಲ್ಲುತ್ತಿದ್ದ ಹಾಗೆ, ಸ್ಲೀಪರುಗಳಿಂದ ಎರಡು ಹೆಜ್ಜೆ ಆಚೆ, ಜಲ್ಲಿಯ ಅಂಚಿನಲ್ಲಿ ನಿಂತೆ.